ಟ್ರೇಲರ್ ಕೊಳ್ಳುವ ಮುಂಚೆ ಅದರ ಕೆಳಗೆ ಮಲಗಿ ನೋಡಿ

ನಮ್ಮದು ಪಿಕಪ್ ಹಿಂದೆ ಕಟ್ಟಿ ಪ್ರವಾಸಕ್ಕೆ ಎಳೆದುಕೊಂಡು ಹೋಗುವ, ಒಳಗೆ ಮನೆಯಂತೆ ಇರುವ ಟ್ರೇಲರ್. ಅದರ ಎಡಗಡೆ, ಮುಂಭಾಗದ ಹೊರಗೋಡೆಗೆ ಒಂದು ಚಿಕ್ಕ ಸ್ಟಿಕ್ಕರ್ ಅಂಟಿಸಿದ್ದಾರೆ. ಸಾಮಾನು ಸಮೇತ ಗಾಡಿ ಎಷ್ಟು ತೂಗಬಹುದು ಅನ್ನೋದಕ್ಕೆ ಅದರಲ್ಲಿ 7,600 ಪೌಂಡ್ ಅಂತ ಇದೆ. ಅದರ ಕೆಳಗೆ ಎರಡು ಆಕ್ಸಲ್‌ಗಳ, ಅಂದರೆ ಚಕ್ರದ ಅಚ್ಚುಗಳ ಮಿತಿ, ತಲಾ 3,500. ಎರಡೂ ಕೂಡಿದರೆ 7,000. ಇನ್ನು 600 ಪೌಂಡ್ ಯಾರು ಹೊರಬೇಕು?

ಎಳೆಯುವ ಪಿಕಪ್ ಹೊರಬೇಕು. ಟ್ರೇಲರ್‌ನ ಮೂತಿ ಪಿಕಪ್‌ನ ಹಿಂದಿರುವ ಹಿಚ್ ಬಾಲ್ ಅನ್ನೋ ಉಕ್ಕಿನ ಗುಂಡಿನ ಮೇಲೆ ಕೂರುತ್ತದೆ. ಒಟ್ಟು ತೂಕದಲ್ಲಿ ಶೇ. 10ರಿಂದ 15ರಷ್ಟು ಅಲ್ಲಿ ಬೀಳಬೇಕು ಅನ್ನೋದು ಎಲ್ಲರೂ ಇಟ್ಟುಕೊಂಡಿರುವ ಲೆಕ್ಕ. ಕಡಿಮೆಯಾದರೆ ಹೈವೇಯಲ್ಲಿ ಟ್ರೇಲರ್ ಆಚೀಚೆ ಓಲಾಡೋಕೆ ಶುರುಮಾಡುತ್ತದೆ. ಹಾಗಾಗಿ ಆ ಸ್ಟಿಕ್ಕರ್‌ನಲ್ಲಿ ಸುಳ್ಳಿಲ್ಲ, ಕಾನೂನಿನ ಪ್ರಕಾರ ತಪ್ಪೂ ಇಲ್ಲ. ಆದರೂ ಓದಿದ ಕೂಡಲೇ ನನಗೆ ಯಾಕೋ ಸರಿ ಬರಲಿಲ್ಲ. ಅಂಗಡಿಯವನು ಒಳಗೆ ನನ್ನ ಗಂಡ ರಘುಗೆ ಮೈಕ್ರೊವೇವ್, ಬಣ್ಣದ ಲೈಟು, ಬ್ಲೂಟೂತ್ ಸ್ಪೀಕರ್ ತೋರಿಸುತ್ತಿದ್ದ. ನಾನು ಹೊರಗೆ ನಿಂತು ಸ್ಟಿಕ್ಕರ್ ಫೋಟೋ ತೆಗೆಯುತ್ತಿದ್ದೆ.

ನನ್ನ ಕೆಲಸವೇ ಅಂಥದ್ದು. ಊರು ದಾವಣಗೆರೆ, ಈಗ ಇರೋದು ಡೆಟ್ರಾಯಿಟ್ ಪಕ್ಕದ ನೋವೈಯಲ್ಲಿ. ಕಾರಿನ ಸಸ್ಪೆನ್ಷನ್ ಭಾಗಗಳನ್ನು ಯಂತ್ರಕ್ಕೆ ಕಟ್ಟಿ, ಹಗಲು ರಾತ್ರಿ ಅಲ್ಲಾಡಿಸಿ, ಎಲ್ಲಿ ಬಿರುಕು ಬಿಡುತ್ತದೆ ಅಂತ ನೋಡುವ ಲ್ಯಾಬ್ ನಮ್ಮದು. ಕಾರಿನ ಕೆಳಗಿರುವ ಒಂದು ಸಣ್ಣ ಕೊಂಡಿಯೂ ಹೀಗೆ ವಾರಗಟ್ಟಲೆ ಏಟು ತಿಂದೇ ಮಾರುಕಟ್ಟೆಗೆ ಹೋಗುತ್ತದೆ. ಅದೇ ರಸ್ತೆಯಲ್ಲಿ, ಅದೇ ಗುಂಡಿಗಳ ಮೇಲೆ, ಮೂರೂವರೆ ಟನ್ ಮನೆಯನ್ನು ಹೊತ್ತು ಓಡುವ ಗಾಡಿಯ ಕೆಳಗೆ ಏನಿದೆ ಅಂತ ನೋಡದೆ ಇರೋಕೆ ಆಗುತ್ತಾ? ಆದರೆ ಅಂಗಡಿಯಲ್ಲಿ ಗಾಡಿಯ ಕೆಳಗೆ ಕಪ್ಪು ಪ್ಲಾಸ್ಟಿಕ್ ಹಾಳೆ ಮುಚ್ಚಿತ್ತು. ಕಂಡದ್ದು ಆಕ್ಸಲ್, ಸ್ಪ್ರಿಂಗ್, ಅದರ ಮೇಲೆ ಹೊಡೆದ ಹೊಸ ಕಪ್ಪು ಬಣ್ಣ. ಹೊಸ ಬಣ್ಣದ ಕೆಳಗೆ ಎಲ್ಲ ವೆಲ್ಡಿಂಗೂ ಚೆನ್ನಾಗಿಯೇ ಕಾಣುತ್ತದೆ.

ಗಾಡಿ ತಯಾರಾಗಿದ್ದು ಇಂಡಿಯಾನಾದ ಎಲ್ಕ್‌ಹಾರ್ಟ್ ಕಡೆ. ನಮ್ಮಿಂದ ಸುಮಾರು ಮೂರು ಗಂಟೆ ದಾರಿ. ಅಮೆರಿಕದಲ್ಲಿ ಓಡಾಡುವ ಬಹುಪಾಲು ಆರ್‌ವಿಗಳು, ಅಂದರೆ ಇಂಥ ಮನೆಗಾಡಿಗಳು, ಆ ಒಂದು ಸೀಮೆಯಿಂದಲೇ ಬರುತ್ತವೆ. ಅಲ್ಲಿ ಆರ್‌ವಿಗಳದ್ದೇ ಒಂದು ಮ್ಯೂಸಿಯಂ ಇದೆ. 1913ರಲ್ಲಿ ಮಾಡಿದ ಒಂದು ಪುಟ್ಟ ಟ್ರೇಲರ್ ಕೂಡ ಅಲ್ಲಿದೆ. ಆ ಕಡೆ ಹೋದರೆ ನೋಡಿ, ಚೆನ್ನಾಗಿದೆ. ಸುತ್ತಲಿನ ಕಾರ್ಖಾನೆಗಳಲ್ಲಿ ಬೆಳಕು ಹರಿಯುವ ಮುಂಚೆಯೇ ಕೆಲಸ ಶುರು. ಎಷ್ಟೋ ಕಡೆ ಕೂಲಿ ಗಂಟೆ ಲೆಕ್ಕದಲ್ಲಿಲ್ಲ, ಗಾಡಿ ಲೆಕ್ಕದಲ್ಲಿ. ದಿನದ ಗಾಡಿಗಳು ಮುಗಿದರೆ ಮಧ್ಯಾಹ್ನದ ಹೊತ್ತಿಗೆ ಮನೆಗೆ ಹೋಗಬಹುದು. ಕೆಲಸಗಾರರಲ್ಲಿ ಆಮಿಶ್ ಅನ್ನೋ ಕ್ರೈಸ್ತ ಪಂಗಡದ ಜನ ತುಂಬ. ಸ್ವಂತ ಕಾರು ಇಟ್ಟುಕೊಳ್ಳದೆ ಕುದುರೆ ಗಾಡಿಯಲ್ಲಿ ಓಡಾಡುವವರು ಬೇರೆಯವರ ಪ್ರವಾಸಕ್ಕೆ ಗಾಡಿ ಮಾಡಿಕೊಡುತ್ತಾರೆ. ಅವರ ಕೈಗೆಲಸದ ಬಗ್ಗೆ ನನಗೆ ದೂರಿಲ್ಲ. ಬೇಗ ಮುಗಿಸಿದವನಿಗೆ ಲಾಭ ಅಂತ ವ್ಯವಸ್ಥೆ ಮಾಡಿಟ್ಟರೆ ಯಾರೇ ಆದರೂ ಬೇಗ ಮುಗಿಸುತ್ತಾರೆ.

ಅದರ ಮೇಲೆ ಕೋವಿಡ್. ವಿಮಾನ ಬೇಡ, ಹೋಟೆಲ್ ಬೇಡ ಅಂತ ಎಲ್ಲರೂ ಟ್ರೇಲರ್ ಹಿಂದೆ ಬಿದ್ದರು. 2021ರಲ್ಲಿ ಕಾರ್ಖಾನೆಗಳಿಂದ ಹೊರಟ ಆರ್‌ವಿಗಳು 6 ಲಕ್ಷ ದಾಟಿದವು, ಅದು ದಾಖಲೆ. 2023ರ ಹೊತ್ತಿಗೆ ಅದು 3.13 ಲಕ್ಷಕ್ಕೆ ಇಳಿದಿತ್ತು. ನಮ್ಮ ಗಾಡಿ 2021ರದ್ದು. ಬಾಕಿ ನಿಮಗೇ ಗೊತ್ತಾಗುತ್ತೆ.

ಇನ್ನೊಂದು ವಿಷಯ ಮುಂಚೆಯೇ ಹೇಳಿಬಿಡುತ್ತೇನೆ, ಆಮೇಲೆ ಬೇಕಾಗುತ್ತದೆ. ಟ್ರೇಲರ್ ಮೇಲೆ ಯಾವ ಕಂಪನಿಯ ಹೆಸರಿದೆಯೋ ಆ ಕಂಪನಿ ಸಾಮಾನ್ಯವಾಗಿ ಮಾಡೋದು ಮೇಲಿನ ಮನೆಯನ್ನು ಮಾತ್ರ. ಕೆಳಗಿನ ಉಕ್ಕಿನ ಫ್ರೇಮ್ ಬೇರೆ ಕಂಪನಿಯದು. ಆಕ್ಸಲ್ ಎಷ್ಟೋ ಸಲ ಇನ್ನೊಬ್ಬರದು. ಟೈರ್ ಮತ್ತೊಬ್ಬರದು. ಪ್ರತಿಯೊಬ್ಬರದೂ ಬೇರೆ ವಾರಂಟಿ.

ಮೊದಲ ವರ್ಷ ದೊಡ್ಡ ತೊಂದರೆ ಏನೂ ಕಾಣಿಸಲಿಲ್ಲ. ಸಣ್ಣಪುಟ್ಟದ್ದು ಇದ್ದೇ ಇತ್ತು. ಅಡುಗೆಮನೆಯ ಡ್ರಾಯರ್‌ನ ಮುಂದಿನ ಹಲಗೆ ಕೈಗೇ ಬಂತು, ಬರೀ ಸ್ಟೇಪ್ಲರ್ ಪಿನ್ನಲ್ಲಿ ನಿಲ್ಲಿಸಿದ್ದರು. ಬಾತ್‌ರೂಮಿನ ಬಾಗಿಲು ಒಂದೊಂದು ಊರಿನಲ್ಲಿ ಮುಚ್ಚುತ್ತಿತ್ತು, ಒಂದೊಂದು ಊರಿನಲ್ಲಿ ಇಲ್ಲ. ಜಾಕ್ ಹಾಕಿ ನೆಲ ಸಮ ಮಾಡಿದರೂ ಅಷ್ಟೇ. ರಘು ಅದನ್ನು ನೋಡಿ ನಗುತ್ತಿದ್ದ. ನನಗೆ ನಗು ಬರುತ್ತಿರಲಿಲ್ಲ. ಬಾಗಿಲಿನ ಚೌಕಟ್ಟು ಓರೆಯಾಗುತ್ತಿದೆ ಅಂದರೆ ಅದು ನಿಂತಿರುವ ನೆಲ ತಿರುಚುತ್ತಿದೆ ಅಂತ ಅಲ್ವಾ?

ಮರುವರ್ಷ ಬೇಸಿಗೆಗೆ ಅತ್ತೆ ಮಾವ ಬಂದರು. ಮಾವ ಹಾಸನದ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು ರಿಟೈರ್ ಆದವರು. ಇಲ್ಲಿಗೆ ಬಂದರೆ ಅವರಿಗೆ ಹೊತ್ತು ಹೋಗೋದೇ ಕಷ್ಟ. ನಮ್ಮ ಕಾರುಗಳ ಬಾನೆಟ್ ತೆಗೆದರೆ ಬರೀ ಪ್ಲಾಸ್ಟಿಕ್ ಮುಚ್ಚಳ, "ಏನಮ್ಮಾ ಇದು, ಎಂಜಿನ್ನೇ ಕಾಣಲ್ಲ" ಅಂತ ಬೇಜಾರು. ಎಲ್ಲರೂ ಸೇರಿ ಟ್ರೇಲರ್ ಎಳೆದುಕೊಂಡು ಮಿಷಿಗನ್‌ನ ಉತ್ತರದ ಅಪ್ಪರ್ ಪೆನಿನ್ಸುಲಾ ಕಡೆ ಹೊರಟೆವು. ಐ-75ರಲ್ಲಿ ಮ್ಯಾಕಿನಾ ಸೇತುವೆವರೆಗೆ, ಅದು ದಾಟಿ ಯುಎಸ್-2. ಆಮೇಲೆ ಸೀನಿಯಿಂದ ಎಂ-28. ಆ ರಸ್ತೆ ಇಪ್ಪತ್ತೈದು ಮೈಲಿ ಒಂದು ತಿರುವೂ ಇಲ್ಲದೆ ನೇರ ಹೋಗುತ್ತದೆ, ಎರಡೂ ಕಡೆ ಜೌಗು, ಕಾಡು. ಅತ್ತೆ ನಿದ್ದೆ ಹೋದರು. ಮಾವ ಕನ್ನಡಿಯಲ್ಲಿ ಹಿಂದಿನ ಟ್ರೇಲರ್ ನೋಡುತ್ತಾ ಕೂತಿದ್ದರು. "ಗಾಡಿ ಸ್ವಲ್ಪ ಅಡ್ಡ ಬರ್ತಾ ಇದೆ ಕಣೋ" ಅಂತ ಮಗನಿಗೆ ಹೇಳಿದರು. ರಘು ಗಾಳಿ ಅಂದ.

ಮ್ಯುನಿಸಿಂಗ್‌ನ ಕ್ಯಾಂಪ್‌ಗ್ರೌಂಡ್ ತಲುಪಿ ಟ್ರೇಲರ್ ರಿವರ್ಸ್ ಹಾಕಿ ನಿಲ್ಲಿಸಿದ ಮೇಲೆ ಮಾವ ನಾಲ್ಕೂ ಟೈರಿನ ಒಳಮೈ ಕೈಯಿಂದ ಸವರಿದರು. ಎಡಗಡೆ ಹಿಂದಿನದಕ್ಕೆ ಬಂದು ನಿಂತರು.

"ಏನಮ್ಮಾ, ಇದು ಒಳಗಡೆ ಮಾತ್ರ ಬೋಳಾಗಿದೆಯಲ್ಲ."

ನಾನೂ ಮುಟ್ಟಿ ನೋಡಿದೆ. ಹೊರಗಡೆ ಗೆರೆಗಳು ಹೊಸದರಂತೆಯೇ ಇದ್ದವು. ಒಳ ಅಂಚು ನುಣ್ಣಗಾಗಿತ್ತು. ಅದು ಆಕ್ಸಲ್ ಬಾಗಿದ ಲಕ್ಷಣ. ಟ್ರೇಲರ್ ಆಕ್ಸಲ್‌ನ ಉಕ್ಕಿನ ಕೊಳವೆಯನ್ನು ನಡುವೆ ಸ್ವಲ್ಪ ಮೇಲೆ ಉಬ್ಬಿಸಿ ಮಾಡಿರುತ್ತಾರೆ, ಭಾರ ಬಿದ್ದಾಗ ಚಕ್ರ ನೆಟ್ಟಗೆ ನಿಲ್ಲಲಿ ಅಂತ. ಮಿತಿಗಿಂತ ಜಾಸ್ತಿ ಭಾರ ಬಿದ್ದರೆ ಆ ಉಬ್ಬು ಇಳಿದು ಚಕ್ರದ ತಲೆ ಒಳಕ್ಕೆ ವಾಲುತ್ತದೆ, ಟೈರಿನ ಒಳ ಅಂಚು ಸವೆಯುತ್ತದೆ.

ಮಾವ ಅಷ್ಟಕ್ಕೇ ಬಿಡಲಿಲ್ಲ. ಒಳಗಿಂದ ಪ್ಲಾಸ್ಟಿಕ್ ಚಾಪೆ ತಂದು ಹಾಸಿ ಕೆಳಗೆ ಮಲಗಿದರು. ಅತ್ತೆ ಬಾಗಿಲಲ್ಲಿ ನಿಂತು "ಇಲ್ಲಿಗೆ ಬಂದರೂ ಬಿಡಲ್ವಲ್ಲಪ್ಪ ಇವರು" ಅಂದರು. ನಾನು ಮೊಬೈಲ್ ಟಾರ್ಚ್ ಹಿಡಿದು ಪಕ್ಕಕ್ಕೆ ಮಲಗಿದೆ. ಮಾವನ ಮೊದಲ ಪ್ರಶ್ನೆ: "ಗ್ರೀಸ್ ನಿಪ್ಪಲ್ ಎಲ್ಲಿದೆ?"

ಇರಲಿಲ್ಲ. ಒಂದೂ ಇರಲಿಲ್ಲ. ಮಾವನ ಡಿಪೋದ ಬಸ್ಸುಗಳಲ್ಲಿ ಸ್ಪ್ರಿಂಗ್ ತೂಗುವ ಪಿನ್ನಿಗೆಲ್ಲ ನಿಪ್ಪಲ್ ಇರುತ್ತಿತ್ತು, ಲೆಕ್ಕ ಇಟ್ಟು ಗ್ರೀಸ್ ಹೊಡೆಯುತ್ತಿದ್ದರು. ಇಲ್ಲಿ ನೋಡಿದರೆ ಒಣ ಬೋಲ್ಟ್, ಅದರ ಸುತ್ತ ನೈಲಾನ್ ಬುಷ್.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಎರಡು ಆಕ್ಸಲ್ ಟ್ರೇಲರ್‌ನಲ್ಲಿ ಒಂದೊಂದು ಕಡೆ ಎರಡು ಕಮಾನ್ ಪಟ್ಟಿ, ಅಂದರೆ ಲೀಫ್ ಸ್ಪ್ರಿಂಗ್ ಇರುತ್ತವೆ. ಅವುಗಳ ನಡುವೆ ಈಕ್ವಲೈಸರ್ ಅಂತ ಒಂದು ತ್ರಿಕೋನದ ಉಕ್ಕಿನ ತುಂಡು. ಅದು ತಕ್ಕಡಿ ಕೋಲಿನ ಹಾಗೆ. ಮುಂದಿನ ಚಕ್ರ ದಿಬ್ಬ ಹತ್ತಿದರೆ ಒಂದು ತುದಿ ಏರುತ್ತದೆ, ಇನ್ನೊಂದು ತುದಿ ಇಳಿದು ಹಿಂದಿನ ಚಕ್ರವನ್ನು ಒತ್ತುತ್ತದೆ. ಭಾರ ಎರಡಕ್ಕೂ ಹಂಚಿಹೋಗುತ್ತದೆ. ಈ ತುಂಡನ್ನೂ ಸ್ಪ್ರಿಂಗ್‌ಗಳನ್ನೂ ಶ್ಯಾಕಲ್ ಪಟ್ಟಿಗಳು ಹಿಡಿದುಕೊಂಡಿರುತ್ತವೆ. ಇಡೀ ಜೋಡಣೆಯನ್ನು ಫ್ರೇಮ್‌ಗೆ ವೆಲ್ಡ್ ಮಾಡಿದ ಮೂರು ಹ್ಯಾಂಗರ್‌ಗಳು ನೇತಾಡಿಸುತ್ತವೆ. ಗಾಡಿ ಓಡುವಷ್ಟು ಹೊತ್ತೂ ಪ್ರತಿ ಕೀಲೂ ಆಡುತ್ತಲೇ ಇರುತ್ತದೆ. ಆ ಕೀಲಿನ ಒಳಗೆ ಇರೋದು ತೆಳು ನೈಲಾನ್ ಕೊಳವೆ. ಕೆಲವು ಸಾವಿರ ಮೈಲಿಗೆ ಅದು ಸವೆದು ಹರಿಯುತ್ತದೆ. ಆಮೇಲೆ ಉಕ್ಕಿಗೆ ಉಕ್ಕು ತಿಕ್ಕುತ್ತದೆ. ಬೋಲ್ಟಿಗೆ ಸೊಂಟ ಬರುತ್ತದೆ, ದುಂಡಗಿದ್ದ ತೂತು ಉದ್ದವಾಗುತ್ತದೆ, ಆಕ್ಸಲ್ ಹಿಂದೆ ಮುಂದೆ ಸರಿಯೋಕೆ ಜಾಗ ಸಿಗುತ್ತದೆ. ನೈಲಾನ್ ಬದಲು ಕಂಚಿನ ಬುಷ್, ಗ್ರೀಸ್ ಹೋಗುವ ಬೋಲ್ಟ್ ಹಾಕಿದ್ದರೆ ಇದು ಬಹಳ ನಿಧಾನವಾಗಿ ಆಗುವ ಕೆಲಸ. ಆ ಕಿಟ್‌ಗೆ ಅಂಗಡಿಯಲ್ಲಿ ಬಿಡಿಯಾಗಿ ಕೊಂಡರೂ 200 ಡಾಲರ್ ಆಸುಪಾಸು. ಮೂವತ್ತು ಸಾವಿರ ಡಾಲರ್‌ನ ಗಾಡಿಯಲ್ಲಿ ಅದನ್ನು ಉಳಿಸಿದ್ದಾರೆ. ಬಣ್ಣದ ಲೈಟಿಗೆ ಎಷ್ಟು ಖರ್ಚು ಮಾಡಿದರೋ.

ಬುಷ್ ಸವೆತ ನೋಡುತ್ತಿರುವಾಗಲೇ ಹಿಂದಿನ ಹ್ಯಾಂಗರ್ ಕಂಡಿತು. ಕಪ್ಪು ಬಣ್ಣದ ಮೇಲೆ ಕೂದಲೆಳೆಯಷ್ಟು ತುಕ್ಕಿನ ಗೆರೆ. ಬಣ್ಣದ ನಡುವೆ ತುಕ್ಕು ಗೆರೆಯಾಗಿ ಬಂದಿದೆ ಅಂದರೆ ಅದರ ಕೆಳಗೆ ಉಕ್ಕು ಬಾಯಿ ಬಿಟ್ಟಿದೆ. ಚಿಂದಿಯಲ್ಲಿ ಒರೆಸಿ ನೋಡಿದರೆ ವೆಲ್ಡಿನ ಅಂಚಿಗೆ ಹಿಡಿದು ಸುಮಾರು ಎರಡು ಇಂಚು ಬಿರುಕು. ಹ್ಯಾಂಗರ್ ಕೂತಿದ್ದ ಐ-ಬೀಮ್‌ನ, ಅಂದರೆ ಫ್ರೇಮ್‌ನ ಉದ್ದನೆಯ ಉಕ್ಕಿನ ತೊಲೆಯ, ತಳದ ಪಟ್ಟಿ ಒಂದು ಕಡೆ ಬಗ್ಗಿತ್ತು.

ಕೆಳಗಿಂದ ಮೇಲಕ್ಕೆ ಬರುವ ಗುಂಡಿಯ ಏಟೇ ಇದನ್ನು ಮುರಿಯುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಅದಕ್ಕಿಂತ ಕೆಟ್ಟದ್ದು ಅಡ್ಡ ಬಲ. ಎರಡು ಆಕ್ಸಲ್ ಇರುವ ಗಾಡಿ ಚಿಕ್ಕ ಜಾಗದಲ್ಲಿ ತಿರುಗುವಾಗ ಎರಡೂ ಜೊತೆ ಚಕ್ರ ಒಂದೇ ಸಲ ಸರಿಯಾಗಿ ಉರುಳೋಕೆ ಆಗಲ್ಲ. ನೆಲದ ಮೇಲೆ ಅಡ್ಡಕ್ಕೆ ಎಳೆದುಕೊಂಡು ಹೋಗಲೇಬೇಕು. ಕ್ಯಾಂಪ್‌ಗ್ರೌಂಡ್‌ನಲ್ಲಿ ಯಾರಾದರೂ ರಿವರ್ಸ್ ಹಾಕುವಾಗ ಟೈರ್ ನೋಡಿ, ಗೋಡೆ ಮಡಚಿಕೊಂಡು ಮುಂದಿನದು ಒಂದು ಕಡೆ, ಹಿಂದಿನದು ಇನ್ನೊಂದು ಕಡೆ ವಾಲಿರುತ್ತದೆ. ಆ ಬಲವೆಲ್ಲ ಸ್ಪ್ರಿಂಗ್ ಮೂಲಕ ಹ್ಯಾಂಗರ್‌ಗೆ ಬರುತ್ತದೆ. ಹ್ಯಾಂಗರ್ ಕೆಳಕ್ಕೆ ಉದ್ದ ಇಳಿದಿರೋದರಿಂದ ಅದು ಸನ್ನೆಕೋಲಾಗಿ ಬೀಮ್‌ನ ತಳವನ್ನು ತಿರುಚುತ್ತದೆ. ಬೀಮ್ ತೆಳ್ಳಗಿದ್ದು, ಒಳಗಡೆ ಆನಿಸಲು ಒಂದು ತ್ರಿಕೋನದ ತಗಡೂ ಇಲ್ಲದಿದ್ದರೆ ಪ್ರತಿ ರಿವರ್ಸ್‌ಗೂ ಒಂದಿಷ್ಟು ಬಗ್ಗುತ್ತದೆ, ಮತ್ತೆ ನೆಟ್ಟಗಾಗುತ್ತದೆ. ಹಾಗೆ ಬಗ್ಗಿ ಬಗ್ಗಿ ಒಂದು ದಿನ ವೆಲ್ಡಿನ ಅಂಚಿನಲ್ಲಿ ಸೀಳುತ್ತದೆ. ನಮ್ಮದರಲ್ಲಿ ವೆಲ್ಡ್ ಕೂಡ ಸರಿಯಾಗಿ ಕರಗಿ ಒಳಗೆ ಹಿಡಿದಿರಲಿಲ್ಲ, ಮೇಲೆ ಮೇಲೆ ಕೂತಿತ್ತು.

ಟೇಪ್ ಹಿಡಿದು ಅಳೆದೆವು. ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ ಬಲಗಡೆಗಿಂತ ಎಡಗಡೆ ಅರ್ಧ ಇಂಚು ಜಾಸ್ತಿ. ಮಾವ ಹೇಳಿದ ಅಡ್ಡ ಬರೋದು ಗಾಳಿಯಿಂದಲ್ಲ ಅಂತ ಆಯ್ತು. ಅವರು ಎದ್ದು ಕೈ ಒರೆಸಿಕೊಂಡು "ಇದನ್ನು ಹೀಗೆ ಎಳೆಯೋದು ಬೇಡಮ್ಮ" ಅಂದರು. ಅಷ್ಟೇ. ಮಗನ ಕಡೆ ಮಾತ್ರ ಒಂದು ಸಲ ನೋಡಿದರು.

ಸ್ಕೇಲ್ ಇಟ್ಟು ಫೋಟೋ ತೆಗೆದು ಅಲ್ಲಿಂದಲೇ ಡೀಲರ್‌ಗೆ ಮೇಲ್ ಹಾಕಿದೆ. ಫೋನ್‌ನಲ್ಲಿ ಅವರು "ತಗೊಂಡು ಬನ್ನಿ, ನೋಡೋಣ" ಅಂದರು. ಹ್ಯಾಂಗರ್ ಸೀಳಿದ ಗಾಡಿಯನ್ನು ಅಷ್ಟು ದೂರ ಎಳೆದು ತರೋಕೆ ಆಗಲ್ಲ, ಹತ್ತಿರದ ವೆಲ್ಡರ್ ಕೈಯಲ್ಲಿ ಮಾಡಿಸಬಹುದೇ ಅಂತ ಬರವಣಿಗೆಯಲ್ಲಿ ಕೇಳಿದೆ, ಆಗಬಹುದು ಅಂತ ಬರವಣಿಗೆಯಲ್ಲೇ ಉತ್ತರ ತರಿಸಿಕೊಂಡೆ. ಇದನ್ನು ದಯವಿಟ್ಟು ಮರೆಯಬೇಡಿ. ಇಲ್ಲದಿದ್ದರೆ "ನಮ್ಮನ್ನು ಕೇಳದೆ ಮುಟ್ಟಿದ್ದೀರಿ" ಅಂತ ಅಲ್ಲಿಗೇ ಬಾಗಿಲು ಹಾಕುತ್ತಾರೆ.

ಮರುದಿನ ವೆಲ್ಡರ್ ತನ್ನ ಪಿಕಪ್‌ನಲ್ಲಿ ಮೆಷಿನ್ ಹೇರಿಕೊಂಡು ಬಂದ. ಹೆಚ್ಚು ಮಾತಿಲ್ಲ. ಬಿರುಕನ್ನು ಗ್ರೈಂಡರ್‌ನಲ್ಲಿ ಕೊನೆವರೆಗೂ ಉಜ್ಜಿ ತೆಗೆದು, ಬಗ್ಗಿದ್ದನ್ನು ಜಾಕ್ ಕೊಟ್ಟು ನೇರ ಮಾಡಿ, ತುಂಬಿ ವೆಲ್ಡ್ ಹಾಕಿದ. ಆಮೇಲೆ ಹ್ಯಾಂಗರ್‌ನಿಂದ ಬೀಮ್‌ನ ನಿಂತ ಗೋಡೆಗೆ ಎರಡು ಆನಿಕೆ ತಗಡು ಕೂರಿಸಿದ. ಮಾವ ಇಡೀ ಹೊತ್ತು ಪಕ್ಕದಲ್ಲೇ. ಇವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ, ಅವನಿಗೆ ಕನ್ನಡ ಹೇಗೂ ಬರಲ್ಲ. ಬೆರಳು ತೋರಿಸೋದು, ತಲೆ ಆಡಿಸೋದು. ಕೊನೆಗೆ ಅವನು ಬಲಗಡೆಯದಕ್ಕೂ ಅದೇ ಆನಿಕೆ ಹಾಕಿ ಒಂದೇ ಕಡೆಯ ದುಡ್ಡು ತಗೊಂಡ. ಅತ್ತೆ ಮಾಡಿದ ಉಪ್ಪಿಟ್ಟು ತಿಂದು ಹೋದ.

ನೀರಿನ ಟ್ಯಾಂಕ್ ಖಾಲಿ ಮಾಡಿ ನಿಧಾನವಾಗಿ ಮನೆಗೆ ಬಂದೆವು. ಒಂದು ಗ್ಯಾಲನ್ ನೀರು 8.3 ಪೌಂಡ್. ನಮ್ಮ 40 ಗ್ಯಾಲನ್ ಟ್ಯಾಂಕ್ ತುಂಬಿದರೆ 330 ಪೌಂಡ್ ಹೆಚ್ಚುತ್ತದೆ.

ಆಮೇಲೆ ಶುರುವಾಯ್ತು ವಾರಂಟಿಯ ಓಡಾಟ. ಡೀಲರ್ ಟ್ರೇಲರ್ ಕಂಪನಿಗೆ ಕಳಿಸಿದರು. ಟ್ರೇಲರ್ ಕಂಪನಿ ಫ್ರೇಮ್ ಕಂಪನಿಗೆ. ಫ್ರೇಮ್ ಕಂಪನಿಯವರು "ನೀವು ಓವರ್‌ಲೋಡ್ ಮಾಡಿದ್ದೀರಿ" ಅಂತ ಬರೆದರು. ಗಾಡಿ ನೋಡಿಲ್ಲ, ತೂಕ ಕೇಳಿಲ್ಲ, ಓವರ್‌ಲೋಡ್ ಅಂತ ಮಾತ್ರ ಗೊತ್ತು! ಹೈವೇ ಪಕ್ಕದ ಟ್ರಕ್ ಸ್ಟಾಪ್‌ಗಳಲ್ಲಿ ತೂಕದ ಕಟ್ಟೆ ಇರುತ್ತದೆ. ಅದು ಟ್ರೇಲರ್ ಆಕ್ಸಲ್‌ಗಳ ಮೇಲಿನ ಭಾರವನ್ನು ಒಟ್ಟಾಗಿ ಹೇಳುತ್ತದೆ, ಎಡ ಬಲ ಬೇರೆ ಹೇಳಲ್ಲ. ನನಗೆ ಬೇಕಾದದ್ದು ಆ ಎಡ ಬಲದ ಲೆಕ್ಕವೇ. ನಮ್ಮ ಆಫೀಸಿನಲ್ಲಿ ಶನಿವಾರ ಭಾನುವಾರ ಕಾರ್ ರೇಸ್‌ಗೆ ಹೋಗುವ ಒಬ್ಬ ಇದ್ದಾನೆ. ಅವನ ಹತ್ತಿರ ಪ್ರತಿ ಚಕ್ರದ ಕೆಳಗೂ ಇಡುವ ತೂಕದ ಹಲಗೆಗಳಿವೆ. ಅವನ್ನು ತಂದು, ಪ್ರವಾಸಕ್ಕೆ ತುಂಬುವಷ್ಟೇ ಸಾಮಾನು ತುಂಬಿ, ಸಮತಟ್ಟು ಜಾಗದಲ್ಲಿ ತೂಗಿದೆವು.

ಬಲಗಡೆ ಎರಡು ಚಕ್ರ 1,490 ಮತ್ತು 1,520. ಎಡಗಡೆ 1,830 ಮತ್ತು 1,860. ನಾಲ್ಕೂ ಸೇರಿ 6,700, ಆಕ್ಸಲ್ ಮಿತಿ 7,000ಕ್ಕಿಂತ ಕಡಿಮೆ. ಮೂತಿಯ ಮೇಲೆ 780. ಒಟ್ಟು 7,480, ಅದೂ ಮಿತಿಯೊಳಗೆ. ಆದರೆ 3,500ರ ಆಕ್ಸಲ್‌ನ ಒಂದು ತುದಿಗೆ ಬರಬೇಕಾದ್ದು 1,750. ಎಡಗಡೆ ಎರಡೂ ಚಕ್ರ ಅದನ್ನು ದಾಟಿವೆ. ಯಾಕೆ? ಹೊರಕ್ಕೆ ಜಾರುವ ಸ್ಲೈಡ್ ಕೋಣೆ ಎಡಗಡೆ. ಫ್ರಿಜ್ ಎಡಗಡೆ. ಒಲೆ, ಸಿಂಕ್ ಎಡಗಡೆ. ಅವನ್ನು ಅಲ್ಲಿಟ್ಟಿದ್ದು ನಾವಲ್ಲ. ನಮ್ಮ ಬಟ್ಟೆ, ಪಾತ್ರೆ, ಅಕ್ಕಿ ಚೀಲವನ್ನೆಲ್ಲ ಬಲಗಡೆಗೇ ಹಾಕಿದರೂ ಆ ವ್ಯತ್ಯಾಸ ತುಂಬಲ್ಲ. ಟೈರ್ ಒಂದೇ ಪರವಾಗಿಲ್ಲ, ಲೋಡ್ ರೇಂಜ್ ಡಿ, 65 ಪಿಎಸ್‌ಐ ಗಾಳಿಗೆ ತಲಾ 2,040 ಪೌಂಡ್ ಹೊರುತ್ತದೆ.

ಈ ಅಂಕಿಗಳನ್ನು ಒಂದು ಪುಟದಲ್ಲಿ ಬರೆದು, ಫೋಟೋ ಜೊತೆ ಮೂರೂ ಕಡೆಗೆ ಕಳಿಸಿದೆ. ಓವರ್‌ಲೋಡ್ ಅನ್ನೋ ಮಾತು ಆಮೇಲೆ ಬರಲಿಲ್ಲ. ವೆಲ್ಡರ್‌ಗೆ ನಾವು ಕೊಟ್ಟಿದ್ದ ದುಡ್ಡು ವಾಪಸ್ ಕೊಟ್ಟರು. ಬಾಗಿದ ಆಕ್ಸಲ್ ಬದಲು ಹೊಸದು ಕೊಟ್ಟರು, ಕೂರಿಸುವ ಕೂಲಿ ನಮ್ಮದೇ ಅಂದರು. ಹೊಸದೂ 3,500ರದ್ದೇ. 

ಪದೇ ಪದೇ ಕೆಡುವ ಹೊಸ ಗಾಡಿ ಕೊಂಡವರನ್ನು ಕಾಪಾಡುವ ಲೆಮನ್ ಲಾ ಇಲ್ವಾ ಅಂತ ಕನ್ನಡ ಕೂಟದ ಪಿಕ್‌ನಿಕ್‌ನಲ್ಲಿ ಬಹಳ ಜನ ಕೇಳಿದರು. ಮಿಷಿಗನ್‌ನಲ್ಲಿ ಅದು ಕಾರಿಗೆ, ಪಿಕಪ್‌ಗೆ. ಎಳೆಯುವ ಟ್ರೇಲರ್ ಅದರಲ್ಲಿ ಬರಲ್ಲ. ಬೇರೆ ರಾಜ್ಯದವರು ತಮ್ಮ ರಾಜ್ಯದ್ದು ಓದಿಕೊಳ್ಳಿ, ಒಂದೊಂದು ಕಡೆ ಒಂದೊಂದು ಥರ. ಇಡೀ ದೇಶಕ್ಕೆ 1975ರ ಮ್ಯಾಗ್ನುಸನ್-ಮಾಸ್ ವಾರಂಟಿ ಕಾಯ್ದೆ ಇದೆ, ಬರೆದುಕೊಟ್ಟ ವಾರಂಟಿಯನ್ನು ಪಾಲಿಸದಿದ್ದರೆ ಅದರ ಮೇಲೆ ಕೇಸ್ ಹಾಕಬಹುದು. ಲಾಯರ್ ಬೇಕು, ತಾಳ್ಮೆ ಬೇಕು. ನಾವು ಅಲ್ಲಿವರೆಗೆ ಹೋಗಲಿಲ್ಲ.

ಬಾಗಿಲ ಹತ್ತಿರ ಆರ್‌ವಿಐಎ ಮುದ್ರೆ ಇದೆಯಲ್ಲ, ಅದು ಇದ್ದರೆ ಎಲ್ಲ ಪರೀಕ್ಷೆ ಆಗಿದೆ ಅಂತ ನಂಬುವವರೂ ಇದ್ದಾರೆ. ಆರ್‌ವಿಐಎ ಅಂದರೆ ತಯಾರಕರದ್ದೇ ಸಂಘ. ಆ ಮುದ್ರೆ ಮುಖ್ಯವಾಗಿ ಗ್ಯಾಸ್, ಕರೆಂಟ್, ನೀರಿನ ಪೈಪ್, ಬೆಂಕಿಯ ಸುರಕ್ಷತೆಯ ನಿಯಮಗಳಿಗೆ ಸಂಬಂಧಪಟ್ಟದ್ದು. ಅದೂ ಬೇಕು, ಬೇಡ ಅನ್ನಲ್ಲ. ಹ್ಯಾಂಗರ್ ವೆಲ್ಡ್ ಗಟ್ಟಿ ಇದೆಯೇ, ಡ್ರಾಯರ್ ಹಲಗೆ ನಿಲ್ಲುತ್ತದೆಯೇ ಅನ್ನೋದಕ್ಕೆ ಅದು ಗ್ಯಾರಂಟಿ ಅಲ್ಲ. ರಸ್ತೆ ಸುರಕ್ಷತೆಯ ದೋಷ ನೋಡುವ ಸರ್ಕಾರಿ ಸಂಸ್ಥೆ ಎನ್‌ಎಚ್‌ಟಿಎಸ್‌ಎ. ಅವರ ವೆಬ್‌ಸೈಟ್‌ನಲ್ಲಿ ಗಾಡಿಯ ವರ್ಷ, ಕಂಪನಿ, ಮಾಡೆಲ್ ಹಾಕಿ ಹುಡುಕಿದರೆ ಅದಕ್ಕೆ ಬಂದಿರುವ ರೀಕಾಲ್, ಅಂದರೆ ದೋಷ ಸರಿಪಡಿಸೋಕೆ ಕಂಪನಿ ಗಾಡಿ ವಾಪಸ್ ಕರೆದಿರೋದು, ಗೊತ್ತಾಗುತ್ತದೆ. ದೂರನ್ನೂ ಅಲ್ಲೇ ಕೊಡಬಹುದು, ನಾನು ಕೊಟ್ಟೆ. ಒಂದೇ ಥರದ ದೂರು ಹತ್ತಾರು ಕಡೆಯಿಂದ ಬಂದರೆ ತನಿಖೆಗೆ ದಾರಿಯಾಗುತ್ತದೆ. ಮೂಲೆಯಲ್ಲಿ ಕೂತು ಗೊಣಗಿದರೆ ಆಗಲ್ಲ.

ಬುಷ್ ಬದಲಾಯಿಸುವ ಕೆಲಸ ಮಾವ ನಾನು ಸೇರಿ ಮನೆ ಮುಂದೆಯೇ ಮಾಡಿದೆವು. ಯಾರಾದರೂ ಮಾಡೋದಾದರೆ ಒಂದೆರಡು ಮಾತು. ಜಾಕ್ ಕೊಡೋದು ಫ್ರೇಮ್‌ಗೆ, ಆಕ್ಸಲ್ ಕೊಳವೆಯ ನಡುವಿಗೆ ಅಲ್ಲ. ಕೊಳವೆ ಬಾಗುತ್ತದೆ. ಜಾಕ್ ಒಂದನ್ನೇ ನಂಬಿ ಕೆಳಗೆ ಹೋಗಬೇಡಿ, ಸ್ಟ್ಯಾಂಡ್ ಇಡಿ. ಗ್ರೀಸ್ ಬೋಲ್ಟ್‌ಗಳ ತಲೆಯ ಕೆಳಗೆ ಹಲ್ಲುಗಳಿರುತ್ತವೆ, ಅವು ಶ್ಯಾಕಲ್ ಪಟ್ಟಿಯ ತೂತಿನಲ್ಲಿ ಕಚ್ಚಿ ಕೂರಬೇಕು. ಸುತ್ತಿಗೆಯಲ್ಲಿ ಬಡಿದು ಕೂರಿಸಬೇಕು, ಸ್ಪ್ಯಾನರ್ ಹಾಕಿ ಬೋಲ್ಟ್ ತಿರುಗಿಸಿದರೆ ಹಲ್ಲು ಸವೆದುಹೋಗುತ್ತದೆ. ಬೋಲ್ಟಿನ ಮೈಯಲ್ಲಿ ಗ್ರೀಸ್ ಬರುವ ತೂತು ಪಕ್ಕಕ್ಕೆ ಮುಖ ಮಾಡಿರಲಿ. ಭಾರ ಒತ್ತುವ ಕಡೆಗೇ ಇದ್ದರೆ ತೂತು ಮುಚ್ಚಿಕೊಂಡು ಗ್ರೀಸ್ ಹೊರಗೇ ಬರಲ್ಲ. ಇದು ಮಾವ ಹೇಳಿದ್ದು. ನಾನು ಸಸ್ಪೆನ್ಷನ್‌ನಲ್ಲೇ ಇಷ್ಟು ವರ್ಷ ಇದ್ದರೂ ನಮ್ಮ ಲ್ಯಾಬ್‌ನಲ್ಲಿ ಗ್ರೀಸ್ ಹೊಡೆಯುವ ಭಾಗಗಳೇ ಬರಲ್ಲ. ಎದುರು ಬದುರು ಹ್ಯಾಂಗರ್‌ಗಳ ನಡುವೆ ಒಂದೊಂದು ಅಡ್ಡ ಪಟ್ಟಿಯನ್ನೂ ವೆಲ್ಡ್ ಮಾಡಿಸಿದೆವು. ಈಗ ಒಂದು ಹ್ಯಾಂಗರ್ ಮೇಲೆ ಬಿದ್ದ ಅಡ್ಡ ಬಲಕ್ಕೆ ಎದುರಿನದೂ ಕೈ ಕೊಡುತ್ತದೆ. ಚಕ್ರ ಬಿಚ್ಚಿ ಹಾಕಿದ ಮೇಲೆ 10, 25, 50 ಮೈಲಿಗೆ ನಿಲ್ಲಿಸಿ ನಟ್‌ಗಳನ್ನು ಟಾರ್ಕ್ ವ್ರೆಂಚ್‌ನಲ್ಲಿ ನೋಡೋದು ಇನ್ನೊಂದು ನಿಯಮ. ಹೊಸ ಗಾಡಿ ತಂದಾಗಲೂ ಇದೇ. ಯಾವ ಅಂಗಡಿಯವನೂ ಬಾಯಿಬಿಟ್ಟು ಹೇಳಲ್ಲ, ಕೈಪಿಡಿಯಲ್ಲಿ ಮಾತ್ರ ಇರುತ್ತದೆ.

ಕ್ಯಾಂಟನ್‌ನಲ್ಲಿರುವ ನಮ್ಮ ಸ್ನೇಹಿತರು ಟ್ರೇಲರ್ ಕೊಳ್ಳಬೇಕು ಅಂತಿದ್ದಾರೆ. ಯಾವ ಬ್ರ್ಯಾಂಡ್ ಒಳ್ಳೆಯದು ಅಂತ ಕೇಳಿದರು. ಬ್ರ್ಯಾಂಡ್ ಬಿಡಿ, ಆಕ್ಸಲ್ ಮಿತಿಗಳನ್ನು ಕೂಡಿದರೆ ಒಟ್ಟು ತೂಕದ ಮಿತಿಗಿಂತ ಜಾಸ್ತಿ ಬರುವಂಥದ್ದು ಹುಡುಕಿ ಅಂದೆ. ಅಂಥವು ಇವೆ, ಕಡಿಮೆ. ದುಡ್ಡು ಪೂರ್ತಿ ಕೊಡುವ ಮುಂಚೆ ಆರ್‌ವಿ ಇನ್ಸ್‌ಪೆಕ್ಟರ್‌ಗಳ ಸಂಘವಾದ ಎನ್‌ಆರ್‌ವಿಐಎಯ ಪ್ರಮಾಣಪತ್ರ ಪಡೆದ, ಡೀಲರ್‌ಗೆ ಸಂಬಂಧವಿಲ್ಲದ ಒಬ್ಬ ಇನ್ಸ್‌ಪೆಕ್ಟರ್‌ನ ಕರೆಸಿ ಅಂದೆ. ಅಷ್ಟಾದರೂ ಆಗದಿದ್ದರೆ ನೀವೇ ಹಳೇ ಬಟ್ಟೆ ಹಾಕಿಕೊಂಡು ಹೋಗಿ, ಟಾರ್ಚ್ ಹಿಡಿದು ಕೆಳಗೆ ಮಲಗಿ, ಆರೂ ಹ್ಯಾಂಗರ್‌ಗಳ ವೆಲ್ಡ್‌ನ ಒಳಮಗ್ಗುಲನ್ನೂ ನೋಡಿ. ಹೊರಮಗ್ಗುಲು ಚೆನ್ನಾಗಿದ್ದು ಒಳಗಡೆ ಅರ್ಧಕ್ಕೇ ನಿಲ್ಲಿಸಿರೋದು ಉಂಟು. ಅಂಗಡಿಯವನು ವಿಚಿತ್ರವಾಗಿ ನೋಡುತ್ತಾನೆ. ನೋಡಲಿ.

ನಮ್ಮ ಗಾಡಿಯದು ಇನ್ನೂ ಮುಗಿದಿಲ್ಲ. ಕೆಳಗಿನದ್ದು ಗಟ್ಟಿಯಾಯ್ತು, ಬಾತ್‌ರೂಮ್ ಬಾಗಿಲು ಈಗ ಎಲ್ಲ ಊರಿನಲ್ಲೂ ಮುಚ್ಚುತ್ತದೆ. ಆದರೆ ಅಷ್ಟು ದಿನ ಫ್ರೇಮ್ ತಿರುಚಿದ್ದಕ್ಕೆ ಸ್ಲೈಡ್ ಕೋಣೆಯ ಬಾಯಿಯ ಮೇಲ್ಮೂಲೆಯಲ್ಲಿ ಹೊರಗಿನ ಫೈಬರ್‌ಗ್ಲಾಸ್ ಹಾಳೆ ಬಿರಿದಿದೆ. ಗೋಡೆಗೆ ಮಾಡಿದ ಚೌಕದ ತೂತಿನಲ್ಲಿ ಮೂಲೆಯೇ ಮೊದಲು ಸೀಳೋದು. ಆ ಹಾಳೆಯ ಹಿಂದೆ ತೆಳು ಪ್ಲೈವುಡ್, ಅದರ ಹಿಂದೆ ಫೋಮ್, ಮೂರನ್ನೂ ಅಂಟಿನಲ್ಲಿ ಒತ್ತಿರುತ್ತಾರೆ. ಬಿರುಕಿನಿಂದ ನೀರು ಇಳಿದರೆ ಅಂಟು ಬಿಟ್ಟು ಗೋಡೆ ಗುಳ್ಳೆಯ ಹಾಗೆ ಉಬ್ಬುತ್ತದೆ. ಇದಕ್ಕೆ ವಾರಂಟಿ ಮುಗಿದಿದೆ ಅಂದರು. ಸದ್ಯಕ್ಕೆ ಸೀಲಂಟ್ ಹಚ್ಚಿ, ಬಿರುಕಿನ ತುದಿಗೆ ಮಾರ್ಕರ್‌ನಲ್ಲಿ ಗೆರೆ ಎಳೆದು ತಾರೀಕು ಬರೆದಿಟ್ಟಿದ್ದೇನೆ, ಲ್ಯಾಬ್‌ನಲ್ಲಿ ಮಾಡುವ ಹಾಗೆ. ಏಪ್ರಿಲ್‌ನಲ್ಲಿ ಹಾಕಿದ ಗೆರೆಯನ್ನು ಇನ್ನೂ ದಾಟಿಲ್ಲ. ದಾಟಿದರೆ ಆ ಕಡೆಯ ಗೋಡೆ ಬಿಚ್ಚಿಸಬೇಕು. ಅದರ ಎಸ್ಟಿಮೇಟ್ ಈಗಲೇ ತರಿಸಿಟ್ಟಿದ್ದೇನೆ, ರಘುಗೆ ಇನ್ನೂ ತೋರಿಸಿಲ್ಲ.